ಕರಡದ ಗುಡ್ಡಕ್ಕೆ ಬರುವ ಬೂದು ಕೊರಳು

ಕೊಪ್ಪಳದಿಂದ ಗಂಗಾವತಿಯ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು, ಮಸಾರಿ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಅರ್ಧ ಗಂಟೆ ನಡೆದರೆ, ನಕ್ಷೆಯಲ್ಲಿ ಹೆಸರಿಲ್ಲದ ಒಂದು ಕಲ್ಲುಗುಡ್ಡದ ಬುಡ ಸಿಗುತ್ತದೆ. ಸುತ್ತಲಿನವರು ಅದನ್ನು ಕರಡದ ಗುಡ್ಡ ಎನ್ನುತ್ತಾರೆ. ದಸರೆ ಸಮೀಪಿಸುವ ಹೊತ್ತಿಗೆ ಅದರ ಇಳಿಜಾರಿನ ಕರಡ ಮೊಣಕಾಲೆತ್ತರಕ್ಕೆ ಬೆಳೆದು ತೆನೆಯೊಡೆಯುತ್ತದೆ, ದೀಪಾವಳಿಗೆ ಹಣ್ಣಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಅದರ ಮೇಲೆ ಕುರಿಗಳು ಬಂದು ಮೇದುಹೋಗುತ್ತವೆ. ಗುಡ್ಡದ ನಡುಮಟ್ಟದಲ್ಲಿ, ಒಂದರ ಮೇಲೊಂದು ಒರಗಿದ ಎರಡು ಬಂಡೆಗಳ ನೆರಳಿನಲ್ಲಿ, ಎರಡು ಮಾರು ಉದ್ದದ ಒಂದು ದೊಣೆಯಿದೆ. ಮಳೆಯ ನೀರು ಅದರಲ್ಲಿ ಮಾಘ ಮಾಸದವರೆಗೂ ನಿಲ್ಲುತ್ತದೆ. ಒಂಬತ್ತು ಚಳಿಗಾಲಗಳಿಂದ ನಾನು ಆ ದೊಣೆಯ ಎದುರಿನ ಬಂಡೆಯ ಮರೆಯಲ್ಲಿ ಕುಳಿತು ನೀರಿಗೆ ಬರುವ ಹಕ್ಕಿಗಳನ್ನು ನೋಡುತ್ತಿದ್ದೇನೆ. ಈ ಬರಹ ಅವುಗಳಲ್ಲಿ ಒಂದೇ ಒಂದು ಹಕ್ಕಿಯ ಬಗ್ಗೆ: ಚಳಿಗಾಲಕ್ಕೆ ವಲಸೆ ಬರುವ, ಕಾಳು ತಿನ್ನುವ ಸಣ್ಣ ಹಕ್ಕಿ, ಬೂದು ಕೊರಳಿನ ಬಂಟಿಂಗ್.

ಮೊದಲ ಎರಡು ಚಳಿಗಾಲ ನಾನು ಅದನ್ನು ನೋಡಿದ್ದೆ, ಗುರುತಿಸಿರಲಿಲ್ಲ. ಆ ವರ್ಷಗಳ ಟಿಪ್ಪಣಿ ಪುಸ್ತಕವನ್ನು ಈಗ ತೆರೆದರೆ ಒಂದು ಕಡೆ ‘ನೆಲಗುಬ್ಬಿ, ಹೆಣ್ಣು’ ಎಂದಿದೆ, ಇನ್ನೊಂದು ಕಡೆ ‘ಕರಿತಲೆ ಬಂಟಿಂಗ್, ಎಳೆಯದು’ ಎಂದಿದೆ, ಮತ್ತೊಂದು ಕಡೆ ಬರೀ ‘ಕಂದು ಹಕ್ಕಿ’ ಎಂದಿದೆ. ಮೂರೂ ಒಂದೇ ಹಕ್ಕಿ. ದೂರದಿಂದ ನೋಡಿದಾಗ ಕಂದುಬಣ್ಣದ ಸಣ್ಣ ಹಕ್ಕಿಗಳೆಲ್ಲ ಒಂದೇ ಎಂದು ನಮ್ಮ ಕಣ್ಣು ಬಹಳ ಬೇಗ ಒಪ್ಪಿಕೊಂಡುಬಿಡುತ್ತದೆ. ಹಿಂಗಾರಿ ಜೋಳ ಹಾಲುಗಾಳಾಗುವ ದಿನಗಳಲ್ಲಿ ಅಟ್ಟಣಿಗೆಯ ಮೇಲೆ ಕವಣೆ ಹಿಡಿದು ನಿಂತವರಿಗೆ ತೆನೆಗೆ ಬೀಳುವ ಎಲ್ಲವೂ ಗುಬ್ಬಿಯೇ, ಮತ್ತು ಅವರ ಕೆಲಸಕ್ಕೆ ಅಷ್ಟು ತಿಳುವಳಿಕೆ ಸಾಕು. ನಾನು ಬೆಳೆದದ್ದು ಅಂಥ ಮನೆಯಲ್ಲಿಯೇ. ಗುಬ್ಬಿ, ಗೀಜಗ, ರಾಟವಾಳ ಎಂಬ ಮೂರು ಹೆಸರುಗಳಾಚೆಗೆ ಕಾಳು ತಿನ್ನುವ ಹಕ್ಕಿಗಳಲ್ಲಿ ಭೇದವಿದೆ ಎಂಬುದನ್ನು ನಾನು ತಿಳಿದದ್ದು ಮೂವತ್ತು ದಾಟಿದ ಮೇಲೆ.

ಮೂರನೆಯ ಚಳಿಗಾಲದ ಒಂದು ಬೆಳಿಗ್ಗೆ ಅದು ದೊಣೆಯ ಅಂಚಿಗೆ, ನನ್ನಿಂದ ಆರೇಳು ಅಡಿ ದೂರಕ್ಕೆ ಇಳಿಯಿತು. ನೀರು ಕುಡಿಯಿತು, ತಲೆಯೆತ್ತಿತು, ಮತ್ತೆ ಕುಡಿಯಿತು. ಎಳೆಬಿಸಿಲು ನೇರವಾಗಿ ಅದರ ಮುಖದ ಮೇಲೆ ಬಿದ್ದಿತ್ತು. ತಲೆ, ಕೆನ್ನೆ, ಕೊರಳ ಹಿಂಭಾಗ ಎಲ್ಲವೂ ಒಂದೇ ಹದದ ಬೂದುಬಣ್ಣ. ಆ ಬೂದಿಗೆ ಸ್ವಲ್ಪ ನೀಲಿಯ ಛಾಯೆ. ಕಣ್ಣಿನ ಸುತ್ತ ಸುಣ್ಣದಲ್ಲಿ ಬರೆದಂಥ ತೆಳ್ಳನೆಯ ಬಿಳಿ ಬಳೆ. ಕೊಕ್ಕು ಗುಬ್ಬಿಯ ಕೊಕ್ಕಿನಂತೆ ದಪ್ಪವಲ್ಲ, ಚೂಪಾದ ಸಣ್ಣ ಶಂಕು, ಅದರ ಬಣ್ಣ ತಿಳಿಗುಲಾಬಿ. ಕೊಕ್ಕಿನ ಬುಡದಿಂದ ಕೊರಳಿನತ್ತ ಇಳಿಯುವ ಮಾಸಲು ಕೆನೆಬಣ್ಣದ ಮೀಸೆಗೆರೆ, ಅದೇ ಬಣ್ಣದ ಗಂಟಲು. ಎದೆಯಿಂದ ಕೆಳಕ್ಕೆ ಇಟ್ಟಿಗೆಯ ಪುಡಿಗೆ ಸ್ವಲ್ಪ ಹಾಲು ಬೆರೆಸಿದಂಥ ಕೆಂಪು, ಅದರ ಮೇಲೆ ಗರಿಗಳ ಮಸುಕು ಅಂಚುಗಳಿಂದಾಗಿ ತೆಳುವಾದ ಬೂದಿ ಉದುರಿದ ಹಾಗೆ ಕಾಣುವ ಒಂದು ಮಬ್ಬು. ಬೆನ್ನು ಮಣ್ಣುಕಂದು, ಅಲ್ಲಿ ಗೆರೆಗಳಿದ್ದವು, ಆದರೆ ಗುಬ್ಬಿಯ ಬೆನ್ನಿನಷ್ಟು ಗಾಢವಾಗಿ ಅಲ್ಲ. ಅದು ಹಾರಿದಾಗ ಬಾಲದ ಎರಡೂ ಅಂಚಿನಲ್ಲಿ ಬಿಳಿ ಮಿಂಚಿತು. ನಾನು ಆ ದಿನ ಬೇರೆ ಯಾವ ಹಕ್ಕಿಯನ್ನೂ ಬರೆದುಕೊಳ್ಳಲಿಲ್ಲ.

ಅದು ಬೂದು ಕೊರಳಿನ ಬಂಟಿಂಗ್. ವಿಜ್ಞಾನದಲ್ಲಿ ಅದರ ಹೆಸರು ಎಂಬೆರಿಝಾ ಬುಕಾನನಿ. ಉದ್ದ ಸುಮಾರು 15 ಸೆಂಟಿಮೀಟರ್, ತೂಕ ಸುಮಾರು 20 ಗ್ರಾಂ. ಒಂದು ಹಿಡಿ ಕಡಲೆಗಿಂತ ಕಡಿಮೆ.

ಗುರುತಿಸುವ ವಿಷಯದಲ್ಲಿ ನನ್ನ ಹಳೆಯ ತಪ್ಪುಗಳನ್ನು ಇಲ್ಲಿ ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಗಳಲ್ಲಿ ಯಾರೇ ಈ ಹಕ್ಕಿಯನ್ನು ಹುಡುಕ ಹೊರಟರೂ ಇವೇ ತಪ್ಪುಗಳು ಎದುರಾಗುತ್ತವೆ. ಬೂದುತಲೆ ನೆಲಗುಬ್ಬಿ ಬಾನಾಡಿಗಳ (ಲಾರ್ಕ್) ಕುಲದ್ದು, ನಮ್ಮ ಪ್ರತಿಯೊಂದು ಬೀಳು ಹೊಲದಲ್ಲೂ ಇದೆ. ಅದರ ಗಂಡಿಗೆ ನೆತ್ತಿಯಷ್ಟೇ ಬೂದು, ಹೊಟ್ಟೆ ಅಚ್ಚ ಕಪ್ಪು. ಅದನ್ನು ತಪ್ಪಾಗಿ ತಿಳಿಯುವ ಸಂಭವ ಕಡಿಮೆ. ಹೆಣ್ಣು ಮಾತ್ರ ಇಡೀ ಮೈ ಮಣ್ಣಿನ ಬಣ್ಣ. ಆದರೆ ಅದರ ದೇಹ ಗಿಡ್ಡ, ಬಾಲ ಮೋಟು, ಕೊಕ್ಕು ದಪ್ಪ. ಬಂಟಿಂಗ್‌ನ ಬಾಲ ಉದ್ದ, ತುದಿಯಲ್ಲಿ ಸಣ್ಣ ಕಚ್ಚು. ಬಣ್ಣಕ್ಕಿಂತ ಮೊದಲು ಬಾಲ ನೋಡಬೇಕೆಂದು ನನಗೆ ಕಲಿಸಿದ್ದು ಈ ಎರಡು ಹಕ್ಕಿಗಳು ಒಂದೇ ಕಲ್ಲಿನ ಮೇಲೆ ಪಕ್ಕಪಕ್ಕ ಕುಳಿತ ಒಂದು ಸಂಜೆ.

ಕರಿತಲೆ ಬಂಟಿಂಗ್‌ನ ವಿಷಯ ಇನ್ನೂ ತೊಡಕಿನದು, ಏಕೆಂದರೆ ಅದೂ ಬಂಟಿಂಗೇ, ಅದೂ ಚಳಿಗಾಲದ ವಲಸೆಯ ಹಕ್ಕಿಯೇ. ಬಾಲ್ಕನ್ ನಾಡುಗಳಿಂದ ಇರಾನಿನವರೆಗೆ ಮರಿ ಮಾಡಿ, ಪೂರ್ವದತ್ತ ತಿರುಗಿ ಭಾರತದ ಜೋಳದ ಸೀಮೆಗೆ ಬರುತ್ತದೆ. ನೂರಾರು ಸಂಖ್ಯೆಯಲ್ಲಿ ಎರಿ ಹೊಲಗಳಿಗೆ ಇಳಿಯುವ ಆ ಹಿಂಡನ್ನು ನೋಡದ ರೈತನಿಲ್ಲ. ಅವು ಗರಿ ಬದಲಿಸುವುದು ಇಲ್ಲಿಗೆ ಬಂದ ಮೇಲೆ. ಹಾಗಾಗಿ ಆರಂಭದ ತಿಂಗಳುಗಳಲ್ಲಿ ಗಂಡುಗಳೂ ಮಾಸಲಾಗಿಯೇ ಕಾಣುತ್ತವೆ, ಹೆಣ್ಣುಗಳಂತೂ ಯಾವ ಗುರುತೂ ಇಲ್ಲದ ಬೂದುಕಂದು. ಇಲ್ಲಿ ಕೈಹಿಡಿಯುವುದು ಮೂರು ಸಂಗತಿ: ಕರಿತಲೆಯ ಕೊಕ್ಕು ದೊಡ್ಡದು, ಬೂದುಬಣ್ಣದ್ದು, ಬಾಲದ ಅಂಚಿನಲ್ಲಿ ಬಿಳಿಯಿಲ್ಲ, ಬಾಲದ ಬುಡದ ಕೆಳಗೆ ಹಳದಿಯ ಸೋಂಕು ಇರುತ್ತದೆ. ಬೂದು ಕೊರಳಿನ ಹಕ್ಕಿಯ ಮೈಯಲ್ಲಿ ಎಲ್ಲೂ ಅಂಥ ಹಳದಿಯಿಲ್ಲ, ಕೊಕ್ಕು ಸದಾ ಗುಲಾಬಿ. ಹೆಣ್ಣು ಮತ್ತು ಎಳೆಯ ಹಕ್ಕಿಗಳಲ್ಲಿ ಬೂದುಬಣ್ಣ ಅಳಿಸಿದಂತಿದ್ದರೂ, ಎದೆಯ ಮೇಲೆ ಗೆರೆಗಳು ಕಂಡರೂ, ಆ ಕೊಕ್ಕು ಮತ್ತು ಕಣ್ಣಿನ ಬಳೆ ಬದಲಾಗುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಗುರುತು ಒಂದಿದೆ, ಅದು ಹಕ್ಕಿಯ ಮೈಮೇಲಿಲ್ಲ. ಕರಿತಲೆ ಹೊಲಕ್ಕೆ ಬರುತ್ತದೆ, ಬೂದು ಕೊರಳು ಹೊಲಕ್ಕೆ ಬರುವುದು ಅಪರೂಪ. ಅದು ಕಲ್ಲು ಬಿಟ್ಟು, ಕರಡ ಬಿಟ್ಟು, ಗುಡ್ಡದ ಒರಟು ಇಳಿಜಾರು ಬಿಟ್ಟು ದೂರ ಹೋಗುವುದಿಲ್ಲ. ಎರಡು ಮೂರು, ಹೆಚ್ಚೆಂದರೆ ಹತ್ತು ಹದಿನೈದು ಹಕ್ಕಿಗಳ ಚಿಕ್ಕ ಗುಂಪು. ಹುಲ್ಲಿನ ಬುಡಗಳ ನಡುವೆ ನೆಲಕ್ಕೆ ಮೈಯೊತ್ತಿ, ಉದುರಿದ ಬೀಜಗಳನ್ನು ಆಯುತ್ತ, ಇಲಿಯಷ್ಟು ಸದ್ದಿಲ್ಲದೆ ಸರಿಯುತ್ತದೆ. ನಾವು ಕಾಲಿಡುವಷ್ಟು ಹತ್ತಿರ ಹೋದಾಗ ಎದ್ದು, ‘ಚಿಕ್’ ಎಂಬ ಒಂದು ಮೆತ್ತಗಿನ ಸದ್ದು ಮಾಡಿ, ಇಪ್ಪತ್ತು ಮಾರು ಆಚೆಯ ಬಂಡೆಯ ಮೇಲೋ ಕಾರೆಗಿಡದ ಮೇಲೋ ಕೂರುತ್ತದೆ. ಆಗ ಅಲುಗಾಡದೆ ನಿಂತರೆ ಅದು ಮತ್ತೆ ಇಳಿಯುತ್ತದೆ. ಆತುರದವರಿಗೆ ಈ ಹಕ್ಕಿ ಕಾಣುವುದಿಲ್ಲ.

ಬಂಟಿಂಗ್ ಎಂದರೇನು ಎಂದು ಕೇಳುವವರಿಗೆ ನಾನು ಮೊದಲು ಫಿಂಚ್ ಎಂಬ ಕಾಳು ತಿನ್ನುವ ಸಣ್ಣ ಹಕ್ಕಿಗಳ ಕುಲದ್ದು ಎಂದು ಹೇಳುತ್ತಿದ್ದೆ. ಹಳೆಯ ವರ್ಗೀಕರಣಗಳಲ್ಲಿ ಹಾಗೆಯೇ ಇತ್ತು. ಬಂಟಿಂಗ್‌ಗಳನ್ನು ಫಿಂಚ್‌ಗಳ ಕುಟುಂಬದೊಳಗೇ ಸೇರಿಸುತ್ತಿದ್ದರು. ಈಗ ಅವು ಬೇರೆಯೇ ಒಂದು ಕುಟುಂಬ. ಕಾಳನ್ನು ಒಡೆಯುವ ಶಂಕುವಿನಾಕಾರದ ಕೊಕ್ಕು ಎರಡಕ್ಕೂ ಇದೆ, ಆದರೆ ಬಂಟಿಂಗ್‌ನ ಮೇಲ್ದವಡೆ ಕೆಳದವಡೆಗಿಂತ ತುಸು ಸಪೂರವಾಗಿದ್ದು, ಎರಡೂ ಕೂಡುವ ಅಂಚು ಬಾಯಿಯ ಮೂಲೆಯ ಹತ್ತಿರ ಒಂದು ಕೋನ ಮಾಡಿ ಕೆಳಕ್ಕೆ ಬಾಗುತ್ತದೆ. ಹುಲ್ಲಿನ ಬೀಜದ ಹೊಟ್ಟನ್ನು ಸುಲಿಯುವುದು ಆ ಅಂಚಿನ ಕೆಲಸ. ದೊಣೆಯ ಬಳಿ ಕುಳಿತಾಗ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ: ಕಾಳು ಬಾಯೊಳಗೆ ಒಂದೆರಡು ಬಾರಿ ಹೊರಳುತ್ತದೆ, ಕೊಕ್ಕಿನ ಪಕ್ಕದಿಂದ ಹೊಟ್ಟು ಮಾತ್ರ ಉದುರುತ್ತದೆ. ನಮ್ಮ ಮನೆಯಲ್ಲಿ ಅವ್ವ ನವಣೆಯನ್ನು ಮೊರದಲ್ಲಿ ಕೇರುತ್ತಿದ್ದಾಗಲೂ ಹೊಟ್ಟು ಹೀಗೆ ಒಂದು ಬದಿಗೆ ಸರಿಯುತ್ತಿತ್ತು. ಮರಿಗಳಿಗೆ ಉಣಿಸುವ ವಿಷಯದಲ್ಲಿಯೂ ಎರಡೂ ಕುಲಗಳ ದಾರಿ ಬೇರೆ. ಅನೇಕ ಫಿಂಚ್‌ಗಳು ತಾವು ತಿಂದ ಬೀಜವನ್ನೇ ಮೆತ್ತಗಾಗಿಸಿ ಮರಿಗಳ ಬಾಯಿಗೆ ಕಕ್ಕುತ್ತವೆ. ಬಂಟಿಂಗ್‌ಗಳು ತಾವು ಕಾಳು ತಿಂದರೂ ಮರಿಗಳಿಗೆ ಹೆಚ್ಚಾಗಿ ಹುಳುಗಳನ್ನೇ ತರುತ್ತವೆ. ನಿಜವಾದ ಫಿಂಚ್‌ಗಳಲ್ಲಿ ನಮ್ಮ ಪರ್ಯಾಯ ದ್ವೀಪದವರೆಗೆ ಚಳಿಗಾಲದಲ್ಲಿ ಇಳಿದುಬರುವುದು ಮುಖ್ಯವಾಗಿ ಗುಲಾಬಿ ಫಿಂಚ್. ಅದಕ್ಕೆ ಬೇಕಾದದ್ದು ಗಿಡಮರಗಳ ಮರೆ. ಈ ಬೋಳು ಗುಡ್ಡದಲ್ಲಿ ನಾನು ಅದನ್ನು ಒಮ್ಮೆಯೂ ಕಂಡಿಲ್ಲ.

ನನ್ನನ್ನು ಈ ಹಕ್ಕಿಗೆ ಕಟ್ಟಿಹಾಕಿದ್ದು ಅದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಟರ್ಕಿಯ ಪೂರ್ವ ಭಾಗ, ಅರ್ಮೇನಿಯ, ಇರಾನ್, ಅಫ್ಘಾನಿಸ್ತಾನ, ಕಝಾಕಿಸ್ತಾನ, ಚೀನದ ಪಶ್ಚಿಮ ಅಂಚು, ಮಂಗೋಲಿಯ: ಅದರ ತವರು ಈ ಉದ್ದದ ಒಣಪಟ್ಟಿಯಲ್ಲಿದೆ. ಅಲ್ಲಿ ಅದು ಆರಿಸಿಕೊಳ್ಳುವುದು ಮರಗಳಿಲ್ಲದ, ಕುರುಚಲು ಗಿಡಗಳು ಅಲ್ಲೊಂದು ಇಲ್ಲೊಂದು ಇರುವ, ಕಲ್ಲು ಚೆಲ್ಲಿದ ಬೆಟ್ಟದ ಇಳಿಜಾರುಗಳನ್ನು ಮತ್ತು ಬೆಟ್ಟಗಳು ಹುಲ್ಲುಬಯಲಿಗೆ ಇಳಿಯುವ ಅಂಚನ್ನು. ಆ ಬಯಲಿಗೆ ಸ್ಟೆಪ್ ಎಂದು ಹೆಸರು. ಗೂಡು ನೆಲದ ಮೇಲೆಯೇ, ಹುಲ್ಲುಗಂಟೆಯ ಅಥವಾ ಕುರುಚಲಿನ ಬುಡದಲ್ಲಿ, ನಾಲ್ಕೈದು ಮೊಟ್ಟೆ. ಬೇಸಿಗೆ ಮುಗಿದ ಕೂಡಲೇ ಅಲ್ಲಿಂದ ಹೊರಟು, ಬಲೂಚಿಸ್ತಾನ, ಸಿಂಧ್ ಮತ್ತು ರಾಜಸ್ಥಾನದ ಒಣಸೀಮೆಗಳನ್ನು ಹಾದು, ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮ ಕಲ್ಲುನಾಡಿನ ಕಡೆಗೆ ಇಳಿಯುತ್ತದೆ. ಈ ಜಾತಿಯ ಬಹುಪಾಲು ಹಕ್ಕಿಗಳಿಗೆ ಚಳಿಗಾಲದ ನೆಲೆ ಎಂದರೆ ಭಾರತ ಮತ್ತು ಅದಕ್ಕೆ ತಾಗಿದ ಪಾಕಿಸ್ತಾನದ ಒಣಭೂಮಿಯೇ.

ಇದನ್ನು ಅದರ ಹತ್ತಿರದ ಬಂಧುವಿನ ಜೊತೆ ಇಟ್ಟು ನೋಡಿದಾಗ ಆಶ್ಚರ್ಯವಾಗುತ್ತದೆ. ಆರ್ಟೊಲನ್ ಎಂಬ ಇನ್ನೊಂದು ಬಂಟಿಂಗ್ ಇದೆ. ಕಣ್ಣಿನ ಬಳೆ, ಗುಲಾಬಿ ಕೊಕ್ಕು, ಮೀಸೆಗೆರೆ ಎಲ್ಲವೂ ಇದರಂತೆಯೇ. ತಲೆ ಮತ್ತು ಎದೆಗೆ ಮಾತ್ರ ಹಸಿರು ಬೆರೆತ ಬೂದು, ಗಂಟಲಿಗೆ ಹಳದಿ, ಬೆನ್ನಿಗೆ ಗಾಢವಾದ ಗೆರೆ. ಯುರೋಪಿನಿಂದ ಮಂಗೋಲಿಯದವರೆಗೆ ಅದು ಮರಿ ಮಾಡುತ್ತದೆ, ಮಧ್ಯ ಏಷ್ಯಾದ ಕೆಲವು ಬೆಟ್ಟಸೀಮೆಗಳಲ್ಲಿ ಎರಡೂ ಇವೆ. ಆದರೆ ಶರತ್ಕಾಲ ಬಂದಾಗ ಆರ್ಟೊಲನ್ ಆಫ್ರಿಕಕ್ಕೆ ಹೋಗುತ್ತದೆ, ಬೂದು ಕೊರಳು ನಮ್ಮ ಕಡೆಗೆ ಬರುತ್ತದೆ. ಒಂದೇ ಮನೆತನದ ಇಬ್ಬರು ಸುಗ್ಗಿಯ ಮೇಲೆ ದುಡಿಮೆ ಹುಡುಕಿಕೊಂಡು ಒಬ್ಬರು ಮಂಗಳೂರಿಗೆ, ಒಬ್ಬರು ಪುಣೆಗೆ ಹೊರಡುವುದನ್ನು ಕಂಡ ನಮ್ಮ ಊರುಗಳಿಗೆ ಈ ಸಂಗತಿ ಅಷ್ಟೇನೂ ಹೊಸದಾಗಿ ಕೇಳಿಸಲಿಕ್ಕಿಲ್ಲ.

ಒಮ್ಮೆ ರಾತ್ರಿ ಭೂಪಟವನ್ನು ಹರಡಿಕೊಂಡು ಕುಳಿತು, ಕೊಪ್ಪಳದ ಮೇಲೆ ಬೆರಳಿಟ್ಟು ನೇರ ಉತ್ತರಕ್ಕೆ ಸರಿಸಿದೆ. ಕೊಪ್ಪಳ ಇರುವುದು 76 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ. ಬೆರಳು ಮಧ್ಯ ಭಾರತವನ್ನು ದಾಟಿ, ಹಿಮಾಲಯ ಮತ್ತು ಕಾರಾಕೋರಂಗಳನ್ನು ದಾಟಿ, ತಿಯೆನ್ ಶಾನ್ ಬೆಟ್ಟಸಾಲಿನ ಉತ್ತರಕ್ಕೆ ಇಳಿದಾಗ ಸಿಕ್ಕಿದ್ದು ಕಝಾಕಿಸ್ತಾನದ ಅಲ್ಮಾಟಿ. ಅದು 77 ಡಿಗ್ರಿ ರೇಖಾಂಶದ ಸಮೀಪ, ನಮ್ಮಿಂದ ಸುಮಾರು 3,100 ಕಿಲೋಮೀಟರ್ ದೂರ. ಆ ಸೀಮೆಯ ಒಣ ಬೆಟ್ಟಪಾದಗಳಲ್ಲಿ ಈ ಹಕ್ಕಿ ಮರಿ ಮಾಡುತ್ತದೆ. ನನ್ನ ದೊಣೆಗೆ ಬರುವ ಹಕ್ಕಿಗಳು ಅಲ್ಲಿಯವೇ ಎಂದು ನಾನು ಹೇಳುತ್ತಿಲ್ಲ, ಮತ್ತು ಅವು ಹಿಮದ ಗೋಡೆಯನ್ನು ನೇರವಾಗಿ ದಾಟದೆ ಪಶ್ಚಿಮದ ಬಳಸುದಾರಿಯಲ್ಲೇ ಬರುತ್ತವೆ. ಆದರೂ ನಮ್ಮ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಸರಿಸುಮಾರು ಅವುಗಳ ತವರಿನ ಸೂರ್ಯನೂ ನಡು ಆಕಾಶಕ್ಕೆ ಬಂದಿರುತ್ತಾನೆ ಎಂಬ ತಿಳಿವು ಅಂದಿನಿಂದ ನನ್ನ ಮಧ್ಯಾಹ್ನಗಳಿಗೆ ಸೇರಿಕೊಂಡಿದೆ.

ಕೊಪ್ಪಳದ ಗವಿಮಠದ ಗುಡ್ಡದ ಮೇಲೆ ಅಶೋಕನ ಶಾಸನವಿದೆ. 1931ರಲ್ಲಿ ಅದು ಬೆಳಕಿಗೆ ಬಂತು. ಪಕ್ಕದ ಪಾಲ್ಕಿಗುಂಡಿನಲ್ಲಿ ಇನ್ನೊಂದು, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಮತ್ತೊಂದು. ಅದೇ ಅರಸನ ಮಾತು ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿ ಅಫ್ಘಾನಿಸ್ತಾನದ ಕಂದಹಾರದ ಬಂಡೆಯ ಮೇಲೆ 1958ರಲ್ಲಿ ಸಿಕ್ಕಿತು. ಪ್ರತಿವರ್ಷ ಗವಿಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ, ಊರಿನ ಗದ್ದಲದಿಂದ ದೂರ ಸರಿದು ಗುಡ್ಡದ ಹಿಂಬದಿಯ ಕಲ್ಲುಗಳ ನಡುವೆ ಬೂದು ಕೊರಳನ್ನು ಹುಡುಕುವಾಗ, ಗವಿಮಠದ ಮತ್ತು ಕಂದಹಾರದ ಆ ಎರಡು ಬಂಡೆಗಳು ನನಗೆ ನೆನಪಾಗುತ್ತವೆ. ಇಪ್ಪತ್ತು ಗ್ರಾಂ ತೂಕದ ಈ ಜೀವ ಅಫ್ಘಾನಿಸ್ತಾನದ ಬೆಟ್ಟಗಳನ್ನೂ ಬಲ್ಲದು, ಕೊಪ್ಪಳದ ಗುಡ್ಡಗಳನ್ನೂ ಬಲ್ಲದು.

ಹೆಸರಿನ ಮಾತೂ ನಮ್ಮ ನಾಡಿಗೆ ಸ್ವಲ್ಪ ತಾಗುತ್ತದೆ. ಈ ಹಕ್ಕಿಯನ್ನು 1840ರ ದಶಕದಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಎಡ್ವರ್ಡ್ ಬ್ಲೈತ್; ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಪಾಲಕರಾಗಿದ್ದವರು. ಅವರು ಅದಕ್ಕೆ ಇಟ್ಟದ್ದು ಫ್ರಾನ್ಸಿಸ್ ಬುಕಾನನ್ ಅವರ ಹೆಸರು. ಟಿಪ್ಪು ಮಡಿದ ಮರುವರ್ಷದಿಂದ, 1800 ಮತ್ತು 1801ರಲ್ಲಿ, ಮೈಸೂರು, ಕನ್ನಡ ಕರಾವಳಿ ಮತ್ತು ಮಲಬಾರ್ ಸೀಮೆಗಳಲ್ಲಿ ಸಂಚರಿಸಿ, ಯಾವ ಊರಿನಲ್ಲಿ ಯಾವ ಮಣ್ಣು, ಯಾವ ಬೆಳೆ, ಎಷ್ಟು ಬಿತ್ತನೆ ಎಂದು ಬರೆದಿಟ್ಟ ಬುಕಾನನ್ ಅವರೇ ಇವರು. ಆ ಕಾಲದ ಅಳತೆಯಲ್ಲಿ ನೆಲದ ಬೆಲೆ ಎಂದರೆ ಅದು ಕೊಡುವ ಬೆಳೆ ಮತ್ತು ಕಂದಾಯ. ಅಂಥ ಲೆಕ್ಕಕ್ಕೆ ಸಿಗದ ನೆಲವನ್ನೇ ತನ್ನದೆಂದು ಆರಿಸಿಕೊಂಡ ಹಕ್ಕಿಗೆ ಅವರ ಹೆಸರು ಅಂಟಿಕೊಂಡದ್ದನ್ನು ನಾನು ಆಗಾಗ ಯೋಚಿಸುತ್ತೇನೆ.

ಆ ಲೆಕ್ಕ ಇಂದಿಗೂ ಮುಗಿದಿಲ್ಲ. ನಮ್ಮ ಪಹಣಿಯಲ್ಲಿ ಇಂಥ ನೆಲಕ್ಕೆ ಖರಾಬು ಎಂದು ಬರೆಯುತ್ತಾರೆ. ಕೇಂದ್ರ ಸರ್ಕಾರ ಉಪಗ್ರಹ ಚಿತ್ರಗಳ ನೆರವಿನಿಂದ ಸಿದ್ಧಪಡಿಸುವ, 2019ರಲ್ಲಿ ಹೊಸ ಆವೃತ್ತಿ ಬಂದ, ಪಾಳುಭೂಮಿ ಅಟ್ಲಾಸ್‌ನಲ್ಲಿ ಕುರುಚಲು ಬೆಳೆದ ನೆಲ ಮತ್ತು ಬರೀ ಕಲ್ಲಿನ ನೆಲ ಎರಡೂ ಪಾಳಿನ ಪಟ್ಟಿಯಲ್ಲಿವೆ. ಕರಡದ ಗುಡ್ಡದಲ್ಲಿ ನಾನು ಕಂಡದ್ದನ್ನು ಆ ಪದದ ಎದುರು ಇಟ್ಟು ನೋಡುತ್ತೇನೆ. ಕರಡ, ಕಾರೆ, ಕವಳೆ, ಬಾರೆ, ತಂಗಡಿ, ಬಂದರಿಕೆ, ಕಳ್ಳಿ; ಬಂಡೆಯ ಸಂದಿಯಲ್ಲಿ ಹಳದಿ ಕೊರಳಿನ ಪಿಕಳಾರ, ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇರದ ಹಕ್ಕಿ; ಮಳೆಗಾಲದ ಹುಲ್ಲಿನಿಂದ ಬೇಸಿಗೆಯವರೆಗೆ ಕುರಿಗಳಿಗೆ ಮೇವು; ಕಾರ್ತಿಕದಲ್ಲಿ ಉದುರುವ ಹುಲ್ಲುಬೀಜ, ಅದನ್ನು ನಂಬಿ ಸಾವಿರಾರು ಕಿಲೋಮೀಟರ್ ದೂರದಿಂದ ಬರುವ ಬಂಟಿಂಗ್. ಕಾಡು ಕಡಿದು ಹೀಗಾದ ನೆಲ ಎಂದು ಎಲ್ಲ ಗುಡ್ಡಗಳ ಬಗ್ಗೆಯೂ ಹೇಳಲಾಗುವುದಿಲ್ಲ. ಹಂಪಿಯಿಂದ ಕೊಪ್ಪಳದವರೆಗೆ ಹರಡಿದ ಈ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಅದರ ಮೇಲಿನ ಮಣ್ಣು ಗೇಣುದ್ದವೂ ಇಲ್ಲದ ಕಡೆ, ಮಳೆ ಕಡಿಮೆಯಿರುವ ಸೀಮೆಯಲ್ಲಿ, ಹುಲ್ಲು ಮತ್ತು ಮುಳ್ಳುಗಿಡವೇ ಆ ನೆಲಕ್ಕೆ ಒಪ್ಪುವ ಉಡುಗೆ.

ನನಗೆ ಸಂಕಟವಾದ ಒಂದು ಸಂಗತಿಯನ್ನು ಬರೆಯದಿರಲಾರೆ. ಐದು ವರ್ಷಗಳ ಹಿಂದೆ ಗುಡ್ಡದ ಪೂರ್ವದ ಇಳಿಜಾರಿನಲ್ಲಿ ಹಸಿರು ಬೆಳೆಸುವ ಉದ್ದೇಶದಿಂದ ಸಾಲುಸಾಲಾಗಿ ಗುಂಡಿ ತೋಡಿದರು. ಮಾಡಿದವರ ಮನಸ್ಸಿನಲ್ಲಿ ಕೆಡುಕು ಇರಲಿಲ್ಲ. ಸಸಿ ನೆಡುವ ದಿನ ನಾನೂ ಕೈಜೋಡಿಸಿದ್ದೆ. ಗುಂಡಿಯ ಮಣ್ಣಿನ ಜೊತೆ ಕರಡದ ಬೇರು ಮೇಲಕ್ಕೆ ಬಂತು. ಎರಡು ಬೇಸಿಗೆಯಲ್ಲಿ ಸಸಿಗಳು ಬಹುಪಾಲು ಒಣಗಿದವು, ಆ ಸಾಲುಗಳಲ್ಲಿ ಕರಡವೂ ಮತ್ತೆ ಚೆನ್ನಾಗಿ ಹಬ್ಬಲಿಲ್ಲ. ಆ ಇಳಿಜಾರಿನಲ್ಲಿ ಮೊದಲು ಪ್ರತಿ ಚಳಿಗಾಲ ಹತ್ತು ಹನ್ನೆರಡು ಬಂಟಿಂಗ್‌ಗಳನ್ನು ಎಣಿಸುತ್ತಿದ್ದೆ. ಆಮೇಲಿನ ವರ್ಷಗಳಲ್ಲಿ ಒಂದೋ ಎರಡೋ. ಒಂದು ಗುಡ್ಡದ ಒಂದು ಮಗ್ಗುಲಿನ ನನ್ನ ಎಣಿಕೆಯಿಂದ ಏನನ್ನೂ ಸಾಧಿಸಲಾಗದು. ಆದರೆ ದೇಶದ ಉದ್ದಗಲದ ಹಕ್ಕಿ ವೀಕ್ಷಕರ ದಾಖಲೆಗಳಿಂದ 2023ರಲ್ಲಿ ಸಿದ್ಧವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯೂ ಹುಲ್ಲುಗಾವಲು ಮತ್ತು ಬಯಲು ನೆಲೆಗಳನ್ನು ನಂಬಿದ ಹಕ್ಕಿಗಳು ಕುಸಿಯುತ್ತಿರುವುದನ್ನು ಎತ್ತಿ ಹೇಳಿದೆ. ಬೂದು ಕೊರಳಿನ ಬಂಟಿಂಗ್ ಜಾಗತಿಕವಾಗಿ ಅಳಿವಿನ ಅಂಚಿನ ಹಕ್ಕಿಯಲ್ಲ. ಅದಕ್ಕಾಗಿ ಯಾರೂ ಅಭಯಾರಣ್ಯ ಕೇಳುವುದಿಲ್ಲ, ನಾನೂ ಕೇಳುತ್ತಿಲ್ಲ. ಗಿಡ ನೆಡುವ ಮೊದಲು ಹುಲ್ಲು ಹಣ್ಣಾದ ಕಾಲದಲ್ಲಿ ಒಮ್ಮೆ ಆ ಇಳಿಜಾರಿನಲ್ಲಿ ನಡೆದು ನೋಡಿರಿ ಎಂದಷ್ಟೇ ಕೇಳುತ್ತೇನೆ.

ಪಶ್ಚಿಮದ ಇಳಿಜಾರು ಇನ್ನೂ ಹಾಗೆಯೇ ಇದೆ. ಕಳೆದ ಚಳಿಗಾಲ ಸೀಗೆ ಹುಣ್ಣಿಮೆ ಕಳೆದು ಹದಿನೈದು ದಿನಗಳ ಮೇಲೆ ಮೊದಲ ಹಕ್ಕಿ ಕಾಣಿಸಿತು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಊಟ ಮುಗಿಸಿ, ಮನೆಯ ಹುಡುಗರನ್ನು ಗುಡ್ಡಕ್ಕೆ ಕರೆದುಕೊಂಡು ಹೋದೆ. ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ದುರ್ಬೀನು ಕೊಟ್ಟು ಏನು ಕಾಣುತ್ತದೆ ಎಂದು ಕೇಳಿದೆ. ಬಹಳ ಹೊತ್ತು ನೋಡಿ, ‘ಕಣ್ಣಿಗೆ ಬಿಳಿ ಉಂಗುರ ಐತಿ’ ಎಂದಳು. ಬಣ್ಣಕ್ಕಿಂತ ಮೊದಲು ಅವಳ ಕಣ್ಣಿಗೆ ಬಿದ್ದದ್ದು ನಾನು ಎರಡು ಚಳಿಗಾಲ ಕಾಣದೆ ಹೋದ ಗುರುತು.

ಫಾಲ್ಗುಣದ ಹೊತ್ತಿಗೆ ದೊಣೆಯಲ್ಲಿ ನೀರು ಆರಿ ತಳದ ಕೆಸರು ಬಿರುಕು ಬಿಟ್ಟಿತ್ತು. ಹಕ್ಕಿಗಳು ಗುಡ್ಡದ ಕೆಳಗಿನ ಕೃಷಿಹೊಂಡಕ್ಕೆ ಹೋಗತೊಡಗಿದ್ದವು. ಅಷ್ಟರಲ್ಲಿ ಗರಿಗಳ ಮಸುಕು ಅಂಚು ಸವೆದು, ಗಂಡಿನ ಎದೆಯ ಕೆಂಪು ಬೂದಿ ಕೊಡವಿದ ಕೆಂಡದಂತೆ ತಿಳಿಯಾಗಿತ್ತು. ಹೋಳಿ ಹುಣ್ಣಿಮೆಯ ಮುನ್ನಾದಿನ ನಾಲ್ಕು ಹಕ್ಕಿಗಳನ್ನು ಎಣಿಸಿದೆ. ಮೂರು ದಿನ ಬಿಟ್ಟು ಹೋದಾಗ ಒಂದಿತ್ತು. ಒಣಗಿದ ತಂಗಡಿಯ ಕೊಂಬೆಯ ಮೇಲೆ, ಗಾಳಿಗೆ ಎದುರಾಗಿ, ಉತ್ತರಕ್ಕೆ ಮುಖ ಮಾಡಿ ಕುಳಿತಿತ್ತು. ಮರುದಿನ ಬೆಳಿಗ್ಗೆ ಇಳಿಜಾರನ್ನು ಬುಡದಿಂದ ನೆತ್ತಿಯವರೆಗೆ ಎರಡು ಬಾರಿ ನಡೆದೆ. ನೆಲಗುಬ್ಬಿಗಳು ಎದ್ದವು, ಪಿಪಿಳೀಕ ಎಂಬ ಸಣ್ಣ ನೆಲಹಕ್ಕಿಯೊಂದು ಎದ್ದಿತು. ಪುಸ್ತಕದಲ್ಲಿ ತಾರೀಖು ಬರೆದು, ಅದರ ಮುಂದೆ ಸೊನ್ನೆ ಹಾಕಿ, ಗುಡ್ಡ ಇಳಿದೆ.